ಹೊಸ ಏರಿಯಾ, ಜೊತೆಗೆ ಡಿಸ್ಟ್ರಿಕ್ಟ್ ಲೀಡರ್ ಜವಾಬ್ದಾರಿ: ಮೊದಲ ಆರು ವಾರ ಸಾಗಿಸುವುದು ಹೇಗೆ?

ಮಿಷನರಿಗಳ ಟ್ರಾನ್ಸ್‌ಫರ್ ವಾರ ಹತ್ತಿರ ಬಂತೆಂದರೆ ನನಗೆ ಒಂದೇ ಥರದ ಮೇಲ್‌ಗಳು ಬರಲು ಶುರುವಾಗುತ್ತವೆ. "ಬ್ರದರ್, ನನ್ನನ್ನು ಆಂಧ್ರಕ್ಕೆ ಹಾಕಿದ್ದಾರೆ, ತೆಲುಗು ಬರಲ್ಲ, ಅದರ ಮೇಲೆ ಡಿಸ್ಟ್ರಿಕ್ಟ್ ಲೀಡರ್ ಬೇರೆ ಮಾಡಿದ್ದಾರೆ, ಏನು ಮಾಡಲಿ?" ಹೋದ ಸಲ ಮೂರು ಜನ ಕೇಳಿದರು. ಒಬ್ಬರ ತಾಯಿಯೂ ಕೇಳಿದರು. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಬರೆದು ಸಾಕಾಗಿದೆ, ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಹಾಕುತ್ತಿದ್ದೇನೆ.

ಇದು ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್, ಅಂದರೆ ಹೊರಗಿನವರು ಮಾರ್ಮನ್ ಎಂದು ಕರೆಯುವ ಸಭೆಯ ಮಿಷನರಿಗಳಿಗಾಗಿ ಬರೆದದ್ದು. ಬೆಂಗಳೂರಿನಲ್ಲಿ ನಮ್ಮ ಮಿಷನ್, ಅಂದರೆ ಒಬ್ಬ ಪ್ರೆಸಿಡೆಂಟ್ ಕೈಕೆಳಗೆ ಮಿಷನರಿಗಳು ಕೆಲಸ ಮಾಡುವ ಪ್ರದೇಶ, ಶುರುವಾದದ್ದು 1993ರಲ್ಲಿ. 2007ರಲ್ಲಿ ದೆಹಲಿಯದು ಬೇರೆಯಾಯಿತು. ಅಂದಿನಿಂದ ಬೆಂಗಳೂರು ಮಿಷನ್‌ನಲ್ಲಿರುವ ಕನ್ನಡದ ಹುಡುಗ ಚೆನ್ನೈ, ಕೊಯಮತ್ತೂರು, ಹೈದರಾಬಾದ್, ವಿಶಾಖಪಟ್ಟಣ, ರಾಜಮಂಡ್ರಿ ಹೀಗೆ ಎಲ್ಲಿಗೆ ಬೇಕಾದರೂ ಹೋಗಬೇಕಾಗಬಹುದು. ಉದಾಹರಣೆಗೆ ನಾನು ರಾಜಮಂಡ್ರಿಯನ್ನೇ ಇಟ್ಟುಕೊಳ್ಳುತ್ತೇನೆ. ಕೇಳಿದವರಲ್ಲಿ ಜಾಸ್ತಿ ಜನ ಅಲ್ಲಿಗೇ ಹೋದವರು, ನನಗೆ ಚೆನ್ನಾಗಿ ಗೊತ್ತಿರುವುದೂ ಆ ಊರೇ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಡಿಸ್ಟ್ರಿಕ್ಟ್ ಲೀಡರ್ ಆದವನ ಮೊದಲ ಕೆಲಸ ಡಿಸ್ಟ್ರಿಕ್ಟ್ ಅಲ್ಲ. ತನ್ನ ರೂಮಿನಲ್ಲೇ ಮಲಗುವ ಕಂಪ್ಯಾನಿಯನ್ ಜೊತೆ ಸರಿಯಾಗಿರುವುದು. ಅದು ಕೆಟ್ಟರೆ ನೀವು ಮೀಟಿಂಗಿನಲ್ಲಿ ಎಷ್ಟು ಚೆನ್ನಾಗಿ ಮಾತಾಡಿದರೂ ಯಾರೂ ನಂಬುವುದಿಲ್ಲ. ಅವನ ಮುಖ ನೋಡಿದರೆ ಎಲ್ಲರಿಗೂ ಗೊತ್ತಾಗುತ್ತದೆ.

ಮೊದಲು ಪದಗಳು

ಇನ್ನೂ ಮಿಷನ್‌ಗೆ ಹೋಗದವರು, ಮನೆಯವರು ಓದುತ್ತಿದ್ದರೆ ಇದನ್ನು ನೋಡಿಕೊಳ್ಳಿ. ಗೊತ್ತಿರುವವರು ಮುಂದೆ ಹೋಗಿ.

ಕಂಪ್ಯಾನಿಯನ್ ಎಂದರೆ ಜೊತೆಗಾರ. ಮಿಷನರಿಗಳು ಯಾವಾಗಲೂ ಜೋಡಿಯಾಗಿಯೇ ಇರುತ್ತಾರೆ, ಒಬ್ಬರು ಇನ್ನೊಬ್ಬರ ಕಣ್ಣಳತೆಯಲ್ಲೇ ಇರಬೇಕು. ಹುಡುಗರನ್ನು ಎಲ್ಡರ್ ಎಂದೂ ಹುಡುಗಿಯರನ್ನು ಸಿಸ್ಟರ್ ಎಂದೂ ಕರೆಯುತ್ತಾರೆ. ಸೇವೆಯ ಅವಧಿ ಹುಡುಗರಿಗೆ 24 ತಿಂಗಳು, ಹುಡುಗಿಯರಿಗೆ 18 ತಿಂಗಳು. ಏರಿಯಾ ಎಂದರೆ ಒಂದು ಜೋಡಿ ಕೆಲಸ ಮಾಡುವ ಊರು ಅಥವಾ ಬಡಾವಣೆ. ಟ್ರಾನ್ಸ್‌ಫರ್ ಎಂದರೆ ಸುಮಾರು ಆರು ವಾರಕ್ಕೊಮ್ಮೆ ಯಾರು ಎಲ್ಲಿ, ಯಾರ ಜೊತೆ ಎಂದು ಮಿಷನ್ ಪ್ರೆಸಿಡೆಂಟ್ ಹೊಸದಾಗಿ ಹೇಳುವುದು. ಆ ಆರು ವಾರದ ಅವಧಿಗೂ ಟ್ರಾನ್ಸ್‌ಫರ್ ಎಂದೇ ಹೇಳುತ್ತಾರೆ. ಪಿ-ಡೇ ಎಂದರೆ ಬಟ್ಟೆ ಒಗೆಯುವ, ಸಾಮಾನು ತರುವ, ಮನೆಗೆ ಮಾತಾಡುವ ದಿನ. ಹೆಸರಿಗೆ ಸಿದ್ಧತೆಯ ದಿನ, ಆದರೆ ಎಲ್ಲರೂ ಅದನ್ನು ನಿದ್ದೆಯ ದಿನ ಎಂದೇ ಅಂದುಕೊಂಡಿರುತ್ತಾರೆ.

ಎರಡು ಮೂರು ನಾಲ್ಕು ಜೋಡಿ ಸೇರಿದರೆ ಒಂದು ಡಿಸ್ಟ್ರಿಕ್ಟ್. ಅದಕ್ಕೊಬ್ಬ ಲೀಡರ್, ಅವನೂ ಮಿಷನರಿಯೇ. ಕೆಲವು ಡಿಸ್ಟ್ರಿಕ್ಟ್ ಸೇರಿದರೆ ಝೋನ್. ಇಲ್ಲೊಂದು ಗೊಂದಲ ಇದೆ, ಹುಷಾರು. ಸಭೆಯಲ್ಲಿ ಕೆಲವು ಬ್ರಾಂಚ್‌ಗಳ, ಅಂದರೆ ಊರೂರಿನ ಚಿಕ್ಕ ಸಭೆಗಳ, ಗುಂಪಿಗೂ ಡಿಸ್ಟ್ರಿಕ್ಟ್ ಎಂದೇ ಹೆಸರು, ಅದಕ್ಕೆ ಡಿಸ್ಟ್ರಿಕ್ಟ್ ಪ್ರೆಸಿಡೆಂಟ್ ಇರುತ್ತಾರೆ. ಅವರು ಊರಿನ ಹಿರಿಯರು, ಸಂಸಾರಸ್ಥರು. ಅವರ ಮೇಲೂ ನಿಮಗೆ ಅಧಿಕಾರವಿಲ್ಲ, ಅವರ ಸದಸ್ಯರ ಮೇಲೂ ಇಲ್ಲ. ನಿಮ್ಮದು ಮಿಷನರಿಗಳ ಡಿಸ್ಟ್ರಿಕ್ಟ್ ಅಷ್ಟೇ. ಮೊದಲ ಭಾನುವಾರ "ನಾನು ಹೊಸ ಡಿಸ್ಟ್ರಿಕ್ಟ್ ಲೀಡರ್" ಎಂದು ಎದೆಯುಬ್ಬಿಸಿ ಪರಿಚಯ ಮಾಡಿಕೊಂಡು ಹಿರಿಯರೊಬ್ಬರು ಕಣ್ಣು ಕಿರಿದು ಮಾಡಿ ನೋಡಿದ್ದನ್ನು ನಾನು ಕಂಡಿದ್ದೇನೆ. ಪರಿಚಯ ಮಾಡಿಕೊಂಡವನು ನಾನೇ.

ಕೈಯಲ್ಲಿ ಏನಿರಬೇಕು

ಬ್ಯಾಗ್ ಕಟ್ಟುವುದು ನಿಮಗೆ ಗೊತ್ತು. ನಾನು ಹೇಳುವುದು ಮಾಹಿತಿಯ ವಿಷಯ. ಹೊಸ ಏರಿಯಾದಿಂದ ಹೊರಡುತ್ತಿರುವ ಎಲ್ಡರ್‌ಗೆ, ಅಥವಾ ಅಲ್ಲೇ ಉಳಿಯುತ್ತಿರುವ ನಿಮ್ಮ ಹೊಸ ಕಂಪ್ಯಾನಿಯನ್‌ಗೆ, ಫೋನ್ ಮಾಡಿ ಇವನ್ನು ಕೇಳಿ ಬರೆದಿಟ್ಟುಕೊಳ್ಳಿ: ಮನೆಯ ಪೂರ್ತಿ ವಿಳಾಸ ಮತ್ತು ಗುರುತಿಗೆ ಹತ್ತಿರದ ಜಾಗ, ಮನೆ ಓನರ್ ನಂಬರ್, ನೀರಿನ ಕ್ಯಾನ್ ಹಾಕುವವನ ನಂಬರ್, ಗ್ಯಾಸ್ ಬುಕ್ ಮಾಡುವುದು ಯಾವ ನಂಬರಿನಿಂದ, ಚರ್ಚಿನ ಬೀಗದ ಕೈ ಯಾರ ಹತ್ತಿರ, ಬ್ರಾಂಚ್ ಪ್ರೆಸಿಡೆಂಟ್ ಹೆಸರು ಮತ್ತು ಅವರು ಯಾವ ಹೊತ್ತಿಗೆ ಕೆಲಸದಿಂದ ಬರುತ್ತಾರೆ. ಹತ್ತಿರದ ಆಸ್ಪತ್ರೆ ಯಾವುದು ಎಂಬುದನ್ನೂ ಕೇಳಿ, ಯಾರೂ ಕೇಳುವುದಿಲ್ಲ, ಬೇಕಾಗುವುದು ಮಾತ್ರ ರಾತ್ರಿ ಹತ್ತಕ್ಕೆ.

ಕಂಪ್ಯಾನಿಯನ್ ವಿದೇಶದವನಾಗಿದ್ದರೆ ಅವನ ವಿಳಾಸ ಬದಲಾದದ್ದು ಸರ್ಕಾರದ ದಾಖಲೆಗೆ ಹೋಗಬೇಕು. ಅದನ್ನು ಮಿಷನ್ ಆಫೀಸ್ ನೋಡಿಕೊಳ್ಳುತ್ತದೆ, ಆದರೆ ನೀವು ತಲುಪಿದ ದಿನವೇ ಆಫೀಸಿಗೆ ತಿಳಿಸಿ, ನಾಳೆ ಹೇಳೋಣ ಎಂದು ಬಿಡಬೇಡಿ.

1. ಬಿಟ್ಟು ಹೋಗುವ ಏರಿಯಾವನ್ನು ಸರಿಯಾಗಿ ಬಿಡಿ

ಹೊಸದರ ಚಿಂತೆಯಲ್ಲಿ ಹಳೆಯದನ್ನು ಅರ್ಧಕ್ಕೆ ಬಿಟ್ಟು ಓಡುವವರೇ ಜಾಸ್ತಿ. ಏರಿಯಾ ಬುಕ್, ಅಂದರೆ ಯಾರನ್ನು ಭೇಟಿ ಮಾಡಿದ್ದೀರಿ, ಯಾವ ಪಾಠ ಆಯಿತು ಎಂದು ಬರೆದಿಡುವ ದಾಖಲೆ, ಈಗ ಫೋನಿನ ಆ್ಯಪ್‌ನಲ್ಲಿದೆ. ಹೊರಡುವ ಹಿಂದಿನ ರಾತ್ರಿ ಅದನ್ನು ಪೂರ್ತಿ ಮಾಡಿ. "ಒಳ್ಳೆಯ ಕುಟುಂಬ" ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. "ಗಂಡ ರಾತ್ರಿ ಪಾಳಿ, ಬೆಳಿಗ್ಗೆ 11ರ ಮೊದಲು ಹೋಗಬೇಡಿ, ಅಜ್ಜಿಗೆ ಕಿವಿ ಕೇಳಲ್ಲ" ಎಂದು ಬರೆದರೆ ಉಪಯೋಗ.

2. ಪ್ರಯಾಣ, ಮತ್ತು ಮೊದಲ ರಾತ್ರಿ

ಬೆಂಗಳೂರಿನಿಂದ ರಾಜಮಂಡ್ರಿಗೆ ಕಾಕಿನಾಡಕ್ಕೆ ಹೋಗುವ ಶೇಷಾದ್ರಿ ಎಕ್ಸ್‌ಪ್ರೆಸ್ ಇದೆ, ಭುವನೇಶ್ವರಕ್ಕೆ ಹೋಗುವ ಪ್ರಶಾಂತಿಯೂ ಇದೆ. ಟಿಕೆಟ್ ಆಫೀಸಿನವರೇ ಮಾಡುತ್ತಾರೆ. ಗೋದಾವರಿ ಸೇತುವೆ ಬರುವಾಗ ಎದ್ದು ಕೂತಿರಿ, ಸೇತುವೆ ಮುಗಿದರೆ ಊರು ಬಂದೇಬಿಟ್ಟಿತು, ಸಾಮಾನು ಇಳಿಸಲು ಪರದಾಡಬೇಕಾಗುತ್ತದೆ. ಸ್ಟೇಷನ್ ಬೋರ್ಡಿನಲ್ಲಿ ರಾಜಮಹೇಂದ್ರವರಂ ಎಂದಿದ್ದರೆ ಗಾಬರಿಯಾಗಬೇಡಿ, 2015ರಿಂದ ಊರಿನ ಹೆಸರು ಅದೇ. ಜನ ಮಾತ್ರ ರಾಜಮಂಡ್ರಿ ಎಂದೇ ಹೇಳುತ್ತಾರೆ.

ಮೊದಲ ರಾತ್ರಿ ಏನನ್ನೂ ಬದಲಾಯಿಸಬೇಡಿ. ಮಂಚ ಸರಿಸಬೇಡಿ, ಅಡುಗೆಮನೆ ಕೊಳಕು ಎಂದು ಹೇಳಬೇಡಿ, ಗೋಡೆಗೆ ಅಂಟಿಸಿದ ಪ್ಲಾನ್ ಕೀಳಬೇಡಿ. ಅಲ್ಲಿ ಮೊದಲಿಂದ ಇರುವವನಿಗೆ ಅದು ಮನೆ. ಊಟ ಮಾಡಿ, ಅವನ ಊರು, ಅಪ್ಪ ಅಮ್ಮ, ಅವನಿಗೆ ಇಲ್ಲಿ ಇಷ್ಟವಾದವರು ಯಾರು ಎಂದು ಕೇಳಿ, ಮಲಗಿ.

3. ಕಂಪ್ಯಾನಿಯನ್ ಜೊತೆ ಮೊದಲ ಮೂರು ದಿನ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಬರುವ ಮೇಲ್‌ಗಳಲ್ಲಿ ಮುಕ್ಕಾಲು ಪಾಲು ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತವೆ.

ನಮ್ಮಲ್ಲಿ ವಯಸ್ಸಿನ ಪ್ರಶ್ನೆ ಇದೆ. ನಿಮಗೆ 19, ಅವನಿಗೆ 24. ಮನೆಯಲ್ಲಾಗಿದ್ದರೆ ಅವನನ್ನು ಅಣ್ಣ ಎಂದು ಕರೆಯುತ್ತಿದ್ದಿರಿ, ಇಲ್ಲಿ ನೀವು ಅವನ ಲೀಡರ್. ಅವನಿಗೂ ಮುಜುಗರ, ನಿಮಗೂ ಮುಜುಗರ. ಕೆಲವರು ಈ ಮುಜುಗರ ಮುಚ್ಚಲು ಜೋರು ಮಾಡುತ್ತಾರೆ, ಕೆಲವರು ಏನನ್ನೂ ಹೇಳದೆ ಒಳಗೊಳಗೇ ಕುದಿಯುತ್ತಾರೆ. ಎರಡೂ ಬೇಡ. ಅವನು ಅಲ್ಲಿ ಒಂದು ಟ್ರಾನ್ಸ್‌ಫರ್ ಆದರೂ ಕಳೆದಿರುತ್ತಾನೆ, ಬೀದಿ ಗೊತ್ತು, ಜನ ಗೊತ್ತು. "ಮೊದಲ ವಾರ ಏರಿಯಾ ನೀವು ನಡೆಸಿ, ನಾನು ಹಿಂದೆ ಬರುತ್ತೇನೆ" ಎಂದು ಬಾಯಿ ಬಿಟ್ಟು ಹೇಳಿ. ಹೇಳಿದ ಮೇಲೆ ನಿಜವಾಗಿ ಹಿಂದೆಯೇ ಹೋಗಿ. ಅವನು ತಪ್ಪು ಬಸ್ ಹತ್ತಿಸಿದರೂ ಹತ್ತಿ.

ಎರಡನೆಯದು ಫೋನ್. ಡಿಸ್ಟ್ರಿಕ್ಟ್ ಲೀಡರ್ ಆದ ಮೇಲೆ ಸಂಜೆ ಮನೆಗೆ ಬಂದ ಕೂಡಲೇ ಎಲ್ಲ ಜೋಡಿಗಳಿಗೂ ಫೋನ್ ಮಾಡುವ ಕೆಲಸ ಬರುತ್ತದೆ, ದಿನ ಹೇಗಾಯಿತು, ಮನೆ ಸೇರಿದಿರಾ ಅಂತ. ಆಗ ನಿಮ್ಮ ಕಂಪ್ಯಾನಿಯನ್ ಒಬ್ಬನೇ ಪಾತ್ರೆ ತೊಳೆಯುತ್ತಿರುತ್ತಾನೆ. ದಿನಾ ಹೀಗಾದರೆ ಅವನಿಗೆ ತಾನು ಲೀಡರನ ಅಡುಗೆಯವನು ಅನ್ನಿಸುತ್ತದೆ. ಸ್ಪೀಕರ್ ಹಾಕಿ, ಅವನೂ ಮಾತಾಡಲಿ. ಗುಟ್ಟಿನ ವಿಷಯವಿದ್ದರೆ ಮಾತ್ರ ಬೇರೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಮುಗಿಸಿ, ಪಾತ್ರೆಗೆ ಕೈ ಹಾಕಿ.

ಮೂರನೆಯದು, ವಾರದ ಪ್ಲಾನ್ ಮುಗಿದ ಮೇಲೆ ಇಬ್ಬರೂ ಕೂತು "ನನ್ನಿಂದ ನಿನಗೇನು ಕಷ್ಟವಾಯಿತು" ಎಂದು ಮಾತಾಡುವ ಪದ್ಧತಿ ಇದೆಯಲ್ಲ, ಕಂಪ್ಯಾನಿಯನ್ ಇನ್ವೆಂಟರಿ, ಅದನ್ನು ಯಾರೂ ನೆಟ್ಟಗೆ ಮಾಡುವುದಿಲ್ಲ. "ಎಲ್ಲ ಚೆನ್ನಾಗಿದೆ ಎಲ್ಡರ್" ಎಂದು ಎರಡು ನಿಮಿಷದಲ್ಲಿ ಮುಗಿಸುತ್ತಾರೆ. ನೀವು ಮೊದಲು ನಿಮ್ಮದೇ ಒಂದು ತಪ್ಪು ಹೇಳಿ, ಚಿಕ್ಕದಾದರೂ ನಿಜವಾದದ್ದು. "ಬೆಳಿಗ್ಗೆ ನಾನು ಬಾತ್‌ರೂಮ್‌ನಲ್ಲಿ ಅರ್ಧ ಗಂಟೆ ಕೂರುತ್ತೇನೆ, ನಿಮಗೆ ತಡವಾಗುತ್ತಿದೆ ಅಲ್ವಾ?" ಅಷ್ಟು ಸಾಕು, ಆಮೇಲೆ ಅವನ ಬಾಯಿ ತೆರೆಯುತ್ತದೆ.

ಅವನು ತುಂಬಾ ಮಂಕಾಗಿದ್ದರೆ, ಊಟ ಬಿಟ್ಟರೆ, ರಾತ್ರಿ ನಿದ್ದೆ ಇಲ್ಲದಿದ್ದರೆ ಅದನ್ನು ಸೋಮಾರಿತನ ಎಂದು ತಿಳಿಯಬೇಡಿ, ನೀವೇ ವೈದ್ಯರಾಗಬೇಡಿ. ಅವನಿಗೆ ಹೇಳಿಯೇ ಮಿಷನ್ ಪ್ರೆಸಿಡೆಂಟ್‌ಗೆ ತಿಳಿಸಿ. ಇದು ಚಾಡಿ ಅಲ್ಲ.

4. ಭಾಷೆ: ಕನ್ನಡದವರಿಗೆ ಸುಲಭ, ಅದೇ ಅಪಾಯ

ಕನ್ನಡ ಓದಲು ಬಂದರೆ ತೆಲುಗು ಬೋರ್ಡ್‌ಗಳನ್ನು ಒಂದೆರಡು ವಾರದಲ್ಲಿ ಓದಬಹುದು. ಲಿಪಿ ಅಕ್ಕತಂಗಿಯರ ಥರ. ನಮ್ಮ ತಲೆಕಟ್ಟು ಅಡ್ಡ ಗೆರೆ, ಅವರದು ಮೇಷ್ಟ್ರು ಹಾಕುವ ರೈಟ್ ಗುರುತಿನ ಥರ. ಬಸ್ ಬೋರ್ಡು, ಅಂಗಡಿ ಬೋರ್ಡುಗಳಿಂದ ಶುರು ಮಾಡಿ, ಆಮೇಲೆ ತೆಲುಗು ಧರ್ಮಗ್ರಂಥದಲ್ಲಿ ನಿಮಗೆ ಬಾಯಿಪಾಠ ಇರುವ ವಾಕ್ಯಗಳನ್ನು ಹುಡುಕಿ ಓದಿ. ಅರ್ಥ ಮೊದಲೇ ಗೊತ್ತಿರುವುದರಿಂದ ಪದಗಳು ಬೇಗ ಹಿಡಿಯುತ್ತವೆ.

ಅಪಾಯ ಎಲ್ಲಿದೆ ಎಂದರೆ ಒಂದೇ ಥರ ಕೇಳುವ, ಬೇರೆ ಅರ್ಥದ ಪದಗಳಲ್ಲಿ. ತೆಲುಗಿನಲ್ಲಿ ಮಾಟ ಎಂದರೆ ಮಾತು, ನಮ್ಮಲ್ಲಿ ಮಾಟ ಎಂದರೆ ಏನೆಂದು ಗೊತ್ತಲ್ಲ. "ದೇವುಡಿ ಮಾಟ" ಎಂದರೆ ದೇವರ ವಾಕ್ಯ, ಬೆಚ್ಚಬೇಡಿ. ಪಾಟ ಎಂದರೆ ಹಾಡು. ನೀವು "ಇವತ್ತು ಒಂದು ಪಾಟ" ಎಂದರೆ ಮಕ್ಕಳು ಹಾಡಲು ರೆಡಿಯಾಗುತ್ತವೆ, ಪಾಠಕ್ಕೆ ಅವರಲ್ಲಿ ಪಾಠಂ, ಠ ಒತ್ತಿ ಹೇಳಬೇಕು. ತೊಂದರ ಎಂದರೆ ಅವಸರ, ನಮ್ಮ ತೊಂದರೆ ಅಲ್ಲ. ಪಾಲು ಎಂದರೆ ಹಾಲು. ಇನ್ನು "ರಂಡಿ" ಎಂದರೆ ಬನ್ನಿ. ಬಾಗಿಲಲ್ಲಿ ನಗುನಗುತ್ತಾ ಅಜ್ಜಿಯೊಬ್ಬರು ಹಾಗೆ ಕರೆದಾಗ ನಮ್ಮ ಹುಡುಗರ ಮುಖ ನೋಡಬೇಕು.

ಹೆಸರಿನ ಕೊನೆಗೆ ಗಾರು ಸೇರಿಸಲು ಮರೆಯಬೇಡಿ. ನಮ್ಮಲ್ಲಿ ಅವರು ಎಂದು ಸೇರಿಸುವ ಹಾಗೆಯೇ, ಆದರೆ ಅಲ್ಲಿ ಬಿಟ್ಟರೆ ಇನ್ನೂ ಜಾಸ್ತಿ ಕಣ್ಣಿಗೆ ಹೊಡೆಯುತ್ತದೆ. "ನಾಕು ತೆಲುಗು ಕೊಂಚೆಂ ಕೊಂಚೆಂ ವಚ್ಚು", ನನಗೆ ತೆಲುಗು ಸ್ವಲ್ಪ ಸ್ವಲ್ಪ ಬರುತ್ತದೆ, ಇದನ್ನು ರೈಲಿನಲ್ಲೇ ಬಾಯಿಪಾಠ ಮಾಡಿ. ಹೇಳಿದ ತಕ್ಷಣ ಎದುರಿನವರು ನಿಧಾನವಾಗಿ ಮಾತಾಡುತ್ತಾರೆ, ಕೆಲವರು ಖುಷಿಯಿಂದ ಇನ್ನೂ ಜೋರಾಗಿ ಮಾತಾಡುತ್ತಾರೆ. ಎರಡೂ ಒಳ್ಳೆಯದೇ.

ನಿಮ್ಮನ್ನು ಅಲ್ಲಿ ಪಾಸ್ಟರ್ ಗಾರು ಎಂದು ಕರೆಯುವವರು ಸಿಗುತ್ತಾರೆ. 19 ವರ್ಷದವನಿಗೆ ಕೇಳಲು ಚೆನ್ನಾಗಿರುತ್ತದೆ. ಮೆತ್ತಗೆ ತಿದ್ದಿ, ನಾನು ಪಾಸ್ಟರ್ ಅಲ್ಲ, ಸ್ವಲ್ಪ ಕಾಲ ಸೇವೆಗೆ ಬಂದವನು ಅಂತ.

5. ಮನೆಗಳಿಗೆ ಹೋಗುವಾಗ: ಕಾಫಿ, ಖಾರ, ಬಿಸಿಲು

ನಾವು ಕಾಫಿ ಟೀ ಕುಡಿಯುವುದಿಲ್ಲ ಎಂಬುದು ನಿಮಗೆ ಸಹಜ, ಮನೆಯವರಿಗೆ ಅದು ಅವಮಾನದ ಥರ ಕಾಣಬಹುದು. ಲೋಟ ಕೈಗೆ ಬಂದ ಮೇಲೆ ಬೇಡ ಎನ್ನುವುದು ತಪ್ಪು ಸಮಯ. ಒಳಗೆ ಕಾಲಿಟ್ಟು ಕೂರುವ ಮೊದಲೇ ನೀವೇ ಕೇಳಿ: "ಮಂಚಿ ನೀಳ್ಳು ಇವ್ವಂಡಿ", ಕುಡಿಯುವ ನೀರು ಕೊಡಿ. ಅಥವಾ ಸಲಿಗೆ ಇದ್ದರೆ "ಮಜ್ಜಿಗ". ಕೇಳಿ ಪಡೆದವನ ಮೇಲೆ ಯಾರಿಗೂ ಬೇಸರವಿಲ್ಲ. ನೀರು ಎಲ್ಲಿಯದು ಎಂದು ಅನುಮಾನವಿದ್ದರೆ ಒಂದು ಗುಟುಕು ಬಾಯಿಗೆ ತಾಗಿಸಿ ಇಟ್ಟುಬಿಡಿ, ನಿಮ್ಮ ಬಾಟಲಿ ಬ್ಯಾಗಿನಲ್ಲೇ ಇರಲಿ.

ಗೋಂಗೂರ, ಆವಕಾಯಿ ಎಲ್ಲ ರುಚಿಯೇ, ಆದರೆ ಮೊದಲ ವಾರ ಅನ್ನ ಜಾಸ್ತಿ, ಪಚ್ಚಡಿ ಕಡಿಮೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ಗೋದಾವರಿಯ ಪಕ್ಕದ ಊರಾದ್ದರಿಂದ ಬೆವರು ಆರುವುದಿಲ್ಲ. ಮಧ್ಯಾಹ್ನದ ಸುತ್ತಾಟಗಳನ್ನು ಬೆಳಿಗ್ಗೆ, ಸಂಜೆಗೆ ಸರಿಸಿ, ಓಆರ್‌ಎಸ್ ಪ್ಯಾಕೆಟ್ ಪ್ರತಿ ಜೋಡಿಯ ಬ್ಯಾಗಿನಲ್ಲೂ ಇದೆಯೇ ಎಂದು ಲೀಡರ್ ಆಗಿ ನೀವೇ ನೋಡಿ. ಇದು ಪ್ರಾರ್ಥನೆಯಷ್ಟೇ ಮುಖ್ಯ ಎಂದರೆ ಕೆಲವರಿಗೆ ಸಿಟ್ಟು ಬರಬಹುದು, ಬರಲಿ.

6. ಕಾನೂನು ತಿಳಿದುಕೊಳ್ಳಿ, ಊಹೆ ಮಾಡಬೇಡಿ

ಸಂವಿಧಾನದ 25ನೇ ವಿಧಿಯಲ್ಲಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕಿದೆ. ಆದರೆ 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಅದರಲ್ಲಿ ಸೇರಿಲ್ಲ ಎಂದು ಹೇಳಿತು. ನಂಬಿಕೆಯನ್ನು ಹೇಳಬಹುದು, ಒತ್ತಾಯ, ಆಮಿಷ, ಮೋಸ ಕೂಡದು. ಇದರ ಮೇಲೆ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. ಕರ್ನಾಟಕದಲ್ಲಿ 2022ರಲ್ಲಿ ಬಂದ ಕಾಯ್ದೆ, ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು ಎಂದು ಹೇಳಿತ್ತು. ಅದರ ಮರುವರ್ಷವೇ ಹೊಸ ಸರ್ಕಾರದ ಸಂಪುಟ ಅದನ್ನು ವಾಪಸ್ ಪಡೆಯಲು ತೀರ್ಮಾನಿಸಿತು. ಆಂಧ್ರದಲ್ಲಿ ತಿರುಮಲದಂಥ ಪೂಜಾ ಸ್ಥಳಗಳಲ್ಲಿ ಬೇರೆ ಧರ್ಮದ ಪ್ರಚಾರಕ್ಕೆ 2007ರಿಂದ ನಿಷೇಧವಿದೆ. ಹೀಗೆ ಬದಲಾಗುತ್ತಲೇ ಇರುವುದರಿಂದ ಹಳೆಯ ಎಲ್ಡರ್ ಹೇಳಿದ್ದನ್ನು ನಂಬಿ ಕೂರಬೇಡಿ, ನಾನು ಬರೆದದ್ದನ್ನೂ ಕೂಡ. ಈಗ ಅಲ್ಲಿ ಏನಿದೆ ಎಂದು ಮಿಷನ್ ಪ್ರೆಸಿಡೆಂಟ್‌ರನ್ನೇ ಕೇಳಿ.

ದಿನನಿತ್ಯಕ್ಕೆ ಇಷ್ಟು ಸಾಕು: ಕರೆಯದ ಮನೆಗೆ ಹೋಗಬೇಡಿ, ಸದಸ್ಯರು ಪರಿಚಯ ಮಾಡಿಸಿದವರ ಜೊತೆ ಕೆಲಸ ಮಾಡಿ. ಯಾರಿಗೂ ದುಡ್ಡು, ಸಾಮಾನು, ಕೆಲಸ ಕೊಡಿಸುವ ಮಾತು ಬೇಡ, ಸಾಲವೂ ಬೇಡ. ಬೇರೆಯವರ ದೇವರ ಬಗ್ಗೆ ತಮಾಷೆಗೂ ಮಾತಾಡಬೇಡಿ. ಗೋದಾವರಿಯ ಪುಷ್ಕರ ಘಾಟ್ ನೋಡಲು ಚೆನ್ನಾಗಿದೆ, ಪಿ-ಡೇ ದಿನ ಹೋಗಿ ನೋಡಿ ಬನ್ನಿ, ಅಲ್ಲಿ ಕರಪತ್ರ ತೆಗೆಯಬೇಡಿ. 12 ವರ್ಷಕ್ಕೊಮ್ಮೆ ಬರುವ ನದಿಸ್ನಾನದ ಹಬ್ಬ ಪುಷ್ಕರ 2015ರಲ್ಲಿ ಆಗಿತ್ತು, ಮತ್ತೆ 2027ಕ್ಕೆ. ಆ ದಿನಗಳಲ್ಲಿ ನೀವು ಅಲ್ಲಿದ್ದರೆ ಘಾಟ್ ಕಡೆ ಸುಳಿಯದಿರುವುದೇ ವಾಸಿ, ಜನಸಂದಣಿಯೂ ಹಾಗೇ ಇರುತ್ತದೆ.

7. ಡಿಸ್ಟ್ರಿಕ್ಟ್ ಕೌನ್ಸಿಲ್: ಮೊದಲ ಮೀಟಿಂಗ್

ವಾರಕ್ಕೊಮ್ಮೆ ಎಲ್ಲ ಜೋಡಿಗಳೂ ಸೇರುವ ಮೀಟಿಂಗ್ ಇದು. ನಡೆಸುವವರು ನೀವು. ಹೊಸ ಲೀಡರ್‌ಗಳು ಮಾಡುವ ತಪ್ಪು ಒಂದೇ, ಮುಕ್ಕಾಲು ಗಂಟೆ ಭಾಷಣ. ನಿಮ್ಮ ಎದುರು ಕೂತ ಐದಾರು ಜನಕ್ಕೂ ಆ ವಾಕ್ಯಗಳೆಲ್ಲ ಗೊತ್ತು.

ಮೊದಲ ಮೀಟಿಂಗ್ ಹೀಗೆ ಮಾಡಿ. ಹಾಡು, ಪ್ರಾರ್ಥನೆ. ಆಮೇಲೆ ಪ್ರತಿ ಜೋಡಿಯೂ ತಾವು ಪಾಠ ಹೇಳುತ್ತಿರುವ ಒಬ್ಬರ ಬಗ್ಗೆ ಹೇಳಲಿ, ಹೆಸರು, ಅವರ ಕಷ್ಟ, ಎಲ್ಲಿ ನಿಂತಿದೆ ಎಂದು. ಉಳಿದವರು ಯೋಚನೆ ಕೊಡಲಿ. ಆಮೇಲೆ ಒಂದೇ ಒಂದು ವಿಷಯ ಇಟ್ಟುಕೊಂಡು ಎದ್ದು ನಿಂತು ಅಭ್ಯಾಸ ಮಾಡಿ, ಒಬ್ಬರು ಮನೆಯವರಾಗಿ, ಇಬ್ಬರು ಮಿಷನರಿಗಳಾಗಿ. ತೆಲುಗಿನಲ್ಲೇ. ನೀವೂ ಮಾಡಿ, ನಿಮ್ಮ ತೆಲುಗು ಅತಿ ಕೆಟ್ಟದಾಗಿದ್ದರೆ ಇನ್ನೂ ಒಳ್ಳೆಯದು, ಎಲ್ಲರ ಸಂಕೋಚ ಹೋಗುತ್ತದೆ.

ಲೆಕ್ಕದ ವಿಷಯ. ವಾರದ ಅಂಕಿ ಝೋನ್ ಲೀಡರ್‌ಗೆ ಕೊಡಬೇಕು, ಎಷ್ಟು ಪಾಠ, ಎಷ್ಟು ಜನ ಭಾನುವಾರ ಬಂದರು ಅಂತ. ಅಂಕಿ ಕಡಿಮೆ ಇರುವ ಜೋಡಿಯನ್ನು ಎಲ್ಲರೆದುರು ಕೇಳಬೇಡಿ. ಫೋನ್‌ನಲ್ಲೂ "ಯಾಕೆ ಕಡಿಮೆ?" ಎಂದು ಶುರು ಮಾಡಬೇಡಿ. "ಈ ವಾರ ಯಾರ ಮನೆಗೆ ಹೋಗಿ ಖುಷಿಯಾಯಿತು?" ಎಂದು ಕೇಳಿದರೆ ಯಾಕೆ ಕಡಿಮೆ ಎಂಬುದು ತಾನಾಗಿ ಬರುತ್ತದೆ: ಕಂಪ್ಯಾನಿಯನ್‌ಗೆ ಜ್ವರ, ಓನರ್ ಜೊತೆ ಜಗಳ, ಮೂರು ದಿನದಿಂದ ನೀರು ಬಂದಿಲ್ಲ. ಅಂಕಿಯನ್ನು ಸುಮ್ನೆ ಉಬ್ಬಿಸಿ ಕೊಡುವ ಅಭ್ಯಾಸ ಶುರುವಾಗುವುದು ಬೈಗುಳದಿಂದಲೇ.

ಡಿಸ್ಟ್ರಿಕ್ಟ್‌ನಲ್ಲಿ ಸಿಸ್ಟರ್‌ಗಳಿದ್ದರೆ, ಅವರಲ್ಲಿ ಕೆಲವರು ನಿಮಗಿಂತ ದೊಡ್ಡವರಿರಬಹುದು, ಡಿಗ್ರಿ ಮುಗಿಸಿ ಕೆಲಸ ಬಿಟ್ಟು ಬಂದವರಿರಬಹುದು. ಮನೆಯ ಭದ್ರತೆ, ರಾತ್ರಿ ಓಡಾಟ, ಆಟೋ ವಿಷಯದಲ್ಲಿ ಅವರು ಹೇಳಿದ್ದನ್ನು ಮೊದಲು ಕೇಳಿ. ಅವರ ವೈಯಕ್ತಿಕ ಕಷ್ಟಗಳಿಗೆ ಸಿಸ್ಟರ್ ಟ್ರೇನಿಂಗ್ ಲೀಡರ್ ಇರುತ್ತಾರೆ, ಅವರ ಕೆಲಸಕ್ಕೆ ನೀವು ಕೈ ಹಾಕಬೇಡಿ.

8. ಎಕ್ಸ್‌ಚೇಂಜ್

ಒಂದು ದಿನದ ಮಟ್ಟಿಗೆ ಕಂಪ್ಯಾನಿಯನ್ ಬದಲಾಯಿಸಿ ಕೆಲಸ ಮಾಡುವುದು. ನಿಮ್ಮ ಡಿಸ್ಟ್ರಿಕ್ಟ್‌ನ ಎಲ್ಡರ್‌ಗಳ ಜೊತೆ ಮಾತ್ರ, ಸಿಸ್ಟರ್‌ಗಳದು ಅವರ ಲೀಡರ್‌ಗಳ ಜೊತೆ. ಇದು ತಪಾಸಣೆ ಅಲ್ಲ. ಅವರ ಫ್ರಿಜ್ ತೆಗೆದು ನೋಡಬೇಡಿ. ಹೋಗುವ ಮೊದಲು "ಯಾವುದರಲ್ಲಿ ಸಹಾಯ ಬೇಕು?" ಎಂದು ಕೇಳಿ, ಅದನ್ನೇ ಮಾಡಿ, ರಾತ್ರಿ ಅವನು ಚೆನ್ನಾಗಿ ಮಾಡಿದ ಎರಡು ವಿಷಯ ಹೇಳಿ. ಆ ರಾತ್ರಿ ಕತ್ತಲಲ್ಲಿ, ಪಕ್ಕದ ಚಾಪೆಯಿಂದ, ಅವನು ಹೇಳುವ ಮಾತುಗಳು ಮೀಟಿಂಗಿನಲ್ಲಿ ಎಂದೂ ಬರುವುದಿಲ್ಲ. ಅವು ಅಲ್ಲೇ ಉಳಿಯಬೇಕು, ಪ್ರಾಣಕ್ಕೆ ಅಪಾಯವಿರುವ ವಿಷಯ ಬಿಟ್ಟು.

9. ದೀಕ್ಷಾಸ್ನಾನದ ಇಂಟರ್‌ವ್ಯೂ

ಎಲ್ಲರೂ ಹೆದರುವುದು ಇದಕ್ಕೆ. ನಿಮ್ಮ ಡಿಸ್ಟ್ರಿಕ್ಟ್‌ನ ಬೇರೆ ಜೋಡಿ ಪಾಠ ಹೇಳಿದವರು ದೀಕ್ಷಾಸ್ನಾನಕ್ಕೆ, ಅಂದರೆ ಸಭೆಗೆ ಸೇರುವ ವಿಧಿಗೆ, ಸಿದ್ಧರಾದಾಗ ಅವರ ಜೊತೆ ಮಾತಾಡಿ ಖಚಿತ ಮಾಡಿಕೊಳ್ಳುವವರು ನೀವು. ನೀವೇ ಪಾಠ ಹೇಳಿದವರಾದರೆ ನೀವು ಮಾಡುವಂತಿಲ್ಲ, ಝೋನ್ ಲೀಡರ್ ಮಾಡುತ್ತಾರೆ.

ಪ್ರಶ್ನೆಗಳು ಗೊತ್ತುಮಾಡಿದವು, ಅವನ್ನೇ ಕೇಳಿ, ನಿಮ್ಮದನ್ನು ಸೇರಿಸಬೇಡಿ. ಪ್ರಶ್ನೆಗಳನ್ನು ತೆಲುಗಿನಲ್ಲಿ ಮೊದಲೇ ಓದಿ ಅಭ್ಯಾಸ ಮಾಡಿ. ಭಾಷೆ ಸಾಲದಿದ್ದರೆ ಯಾರು ಅನುವಾದ ಮಾಡಬಹುದು ಎಂದು ಮೇಲಿನವರನ್ನು ಕೇಳಿ ನಿಲ್ಲಿಸಿಕೊಳ್ಳಿ, ಪಕ್ಕದ ಮನೆಯವರನ್ನು ಕೂರಿಸಬೇಡಿ. ಇಂಟರ್‌ವ್ಯೂಗೆ ಮೊದಲು ಎರಡು ನಿಮಿಷ ಸುಮ್ಮನೆ ಮಾತಾಡಿ, ಊಟ ಆಯಿತಾ, ಮಕ್ಕಳು ಎಷ್ಟನೇ ಕ್ಲಾಸು. ಅವರಿಗೂ ಪರೀಕ್ಷೆಯ ಭಯ ಇರುತ್ತದೆ. ಹೆಣ್ಣುಮಕ್ಕಳು, ಚಿಕ್ಕವರು ಜೊತೆಗೊಬ್ಬ ದೊಡ್ಡವರನ್ನು ಕೂರಿಸಿಕೊಳ್ಳಬಹುದು, ಅದನ್ನು ನೀವೇ ಹೇಳಿ, ನಿಮ್ಮ ಕಂಪ್ಯಾನಿಯನ್ ಬಾಗಿಲ ಹೊರಗೇ ಇರಲಿ.

18 ತುಂಬದವರಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಮದುವೆಯಾದವರಿಗೆ ಗಂಡ ಅಥವಾ ಹೆಂಡತಿಯ ಒಪ್ಪಿಗೆ ಬೇಕು. ನಮ್ಮ ಕಡೆ ಇದನ್ನು ಮರೆತು ಮನೆಯಲ್ಲಿ ದೊಡ್ಡ ಗಲಾಟೆ ಆಗಿರುವುದುಂಟು. "ಅವರೇನೂ ಅನ್ನಲ್ಲ" ಎಂಬುದು ಒಪ್ಪಿಗೆ ಅಲ್ಲ, ಅವರ ಬಾಯಿಂದಲೇ ಕೇಳಿ.

ಗಂಭೀರ ಅಪರಾಧದಂಥ ವಿಷಯ ಬಂದರೆ ವಿವರ ಕೆದಕಬೇಡಿ. ಅಲ್ಲಿಗೆ ನಿಲ್ಲಿಸಿ, ಮಿಷನ್ ಪ್ರೆಸಿಡೆಂಟ್ ಮಾತಾಡುತ್ತಾರೆ ಎಂದು ಪ್ರೀತಿಯಿಂದ ಹೇಳಿ. ಅವರು ಇನ್ನೂ ಸಿದ್ಧರಿಲ್ಲ ಅನ್ನಿಸಿದರೆ, ಹೊರಗೆ ಹೂವು ಹಿಡಿದು ನಿಂತ ಎಲ್ಡರ್‌ಗಳ ಮುಖ ನೋಡಿ ಹೂಂ ಅನ್ನಬೇಡಿ. ಏನು ಬಾಕಿ ಇದೆ ಎಂದು ಆ ವ್ಯಕ್ತಿಗೇ ಹೇಳಿ, ಅವರಿಗೆ ಪಾಠ ಹೇಳಿದವರಿಗೆ "ಇನ್ನೂ ಸ್ವಲ್ಪ ಸಮಯ ಬೇಕು" ಎಂದಷ್ಟೇ. ಒಳಗಿನ ಮಾತು ಹೊರಗೆ ಬರಕೂಡದು, ನಿಮ್ಮ ಕಂಪ್ಯಾನಿಯನ್‌ಗೂ.

10. ಬ್ರಾಂಚ್ ಪ್ರೆಸಿಡೆಂಟ್ ಹತ್ತಿರ ಹೋಗಿ

ಮೊದಲ ವಾರವೇ. ಅವರು ಕೆಲಸದಿಂದ ಬಂದು ಮುಖ ತೊಳೆದ ಮೇಲೆ. ಒಂದೇ ಪ್ರಶ್ನೆ ಕೇಳಿ, "ನಿಮಗೆ ನಮ್ಮಿಂದ ಏನು ಸಹಾಯ ಬೇಕು?" ಹಿಂದಿನ ಏರಿಯಾದಲ್ಲಿ ಹೀಗೆ ಮಾಡುತ್ತಿದ್ದೆವು ಎಂಬ ಮಾತು ಒಂದು ತಿಂಗಳು ಬಾಯಿಂದ ಬರಬಾರದು. ಅವರು ಎಷ್ಟೋ ಜೋಡಿ ಎಲ್ಡರ್‌ಗಳನ್ನು ನೋಡಿರುತ್ತಾರೆ, ಎಲ್ಲರೂ ಬಂದು ಹೊಸ ಪ್ಲಾನ್ ಹೇಳಿ ಆರು ವಾರಕ್ಕೆ ಹೊರಟವರೇ.

11. ಮನೆಗೆ ಫೋನ್

ಪಿ-ಡೇ ದಿನ ವಾರಕ್ಕೊಮ್ಮೆ ಮನೆಗೆ ಮಾತಾಡಲು 2019ರಿಂದ ಅವಕಾಶವಿದೆ. ಅದಕ್ಕೂ ಮೊದಲು ಹೋದವರಿಗೆ ವರ್ಷಕ್ಕೆರಡೇ ಸಲ ಸಿಗುತ್ತಿತ್ತು. ಮನೆಯಲ್ಲಿ "ಮಗ ಲೀಡರ್ ಆಗಿದ್ದಾನೆ" ಎಂದು ನೆಂಟರಿಗೆಲ್ಲ ಹೇಳಿರುತ್ತಾರೆ. ಇದು ಪ್ರಮೋಷನ್ ಅಲ್ಲ, ಮುಂದಿನ ಟ್ರಾನ್ಸ್‌ಫರ್‌ಗೆ ಬೇರೆಯವರಿಗೆ ಹೋಗಬಹುದು ಎಂದು ಈಗಲೇ ಹೇಳಿಡಿ. ಇಲ್ಲದಿದ್ದರೆ ಆಗ "ಏನು ತಪ್ಪು ಮಾಡಿದೆ?" ಎಂಬ ಪ್ರಶ್ನೆಗೆ ಉತ್ತರ ಕೊಡುತ್ತಾ ಕೂರಬೇಕು. ಡಿಸ್ಟ್ರಿಕ್ಟ್‌ನಲ್ಲಿ ಯಾರಿಗೆ ಏನು ಕಷ್ಟ ಎಂದು ಮನೆಯಲ್ಲಿ ಹೇಳಬೇಡಿ, ನಿಮಗೇನು ಕಷ್ಟ ಎಂದು ಬೇಕಾದರೆ ಹೇಳಿ. ಅಮ್ಮ ಊಟ ಆಯ್ತಾ ಎಂದು ನಾಲ್ಕು ಸಲ ಕೇಳುತ್ತಾರೆ, ನಾಲ್ಕು ಸಲವೂ ಉತ್ತರ ಕೊಡಿ.

12. ಐದನೇ ವಾರ

ಈಗ ಬದಲಾವಣೆಯ ಯೋಚನೆ ಮಾಡಬಹುದು. ಮೀಟಿಂಗ್ ಸಮಯ, ಯಾವ ಬಡಾವಣೆಗೆ ಯಾವ ದಿನ, ಇಂಥವು. ಒಂದೇ ಬದಲಾವಣೆ, ಎಲ್ಲರನ್ನೂ ಕೇಳಿ. ನಾನು ಮೊದಲ ವಾರದಲ್ಲೇ ಮೀಟಿಂಗ್ ಸಮಯ ಬದಲಾಯಿಸಿದ್ದೆ, ಒಂದು ಜೋಡಿಗೆ ಆ ಹೊತ್ತಿಗೆ ಬಸ್ಸೇ ಇಲ್ಲ ಎಂಬುದು ಗೊತ್ತಿರಲಿಲ್ಲ. ಸಂಕೋಚಕ್ಕೆ ಅವರು ಹೇಳಲೂ ಇಲ್ಲ, ಮೂರು ವಾರ ಒಂದು ಗಂಟೆ ನಡೆದು ಬಂದರು.

ಆರನೇ ವಾರ ಟ್ರಾನ್ಸ್‌ಫರ್ ಫೋನ್ ಬರುವ ಮೊದಲೇ, ನೀವು ಉಳಿಯುತ್ತೀರೋ ಹೋಗುತ್ತೀರೋ ಗೊತ್ತಿಲ್ಲದಾಗಲೇ, ಮನೆಗೊಂದು ಹಾಳೆ ಬರೆದು ಅಡುಗೆಮನೆ ಬಾಗಿಲ ಹಿಂದೆ ಅಂಟಿಸಿ. ಗ್ಯಾಸ್ ನಂಬರ್, ನೀರು ಬರುವ ಹೊತ್ತು, ಓನರ್‌ಗೆ ಬಾಡಿಗೆ ಕೊಡುವ ದಿನ, ಮೊಸರು ಯಾವ ಅಂಗಡಿಯಲ್ಲಿ ಹುಳಿ ಇರಲ್ಲ, ಯಾವ ಬೀದಿಯ ನಾಯಿ ಕಚ್ಚುತ್ತದೆ. ಮುಂದೆ ಬರುವವನು ರಾತ್ರಿ ಹತ್ತಕ್ಕೆ ಬ್ಯಾಗ್ ಇಳಿಸಿ, ಗ್ಯಾಸ್ ಖಾಲಿ ಎಂದು ಗೊತ್ತಾದಾಗ, ಮೊದಲು ನೋಡುವುದು ಅದನ್ನೇ.